ಹೆದರಿಕೆ, ವಿಶ್ವಾಸ ಮತ್ತು ಒಂದು ಸಹಿ: ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನಗೆ 36 ವರ್ಷ. ಖಾಸಗಿ ಕಂಪನಿಯೊಂದರ ಸ್ಟೋರ್ಸ್ ವಿಭಾಗದಲ್ಲಿ ಕೆಲಸ. ಮಾಲು ಬರುವ ಮೊದಲೇ ‘ಬಂದಿದೆ’ ಎಂದು ರಿಜಿಸ್ಟರಿನಲ್ಲಿ ಸಹಿ ಹಾಕಲು ಮ್ಯಾನೇಜರ್ ಹೇಳುತ್ತಾರೆ. ‘ತಿಂಗಳ ಕೊನೆಯ ಅಡ್ಜಸ್ಟ್‌ಮೆಂಟ್ ಅಷ್ಟೇ’ ಅನ್ನುತ್ತಾರೆ. ಎರಡು ಸಲ ಹಾಕಿಬಿಟ್ಟೆ. ಒಂದರ ಮಾಲು ತಡವಾಗಿ ಬಂತು, ಇನ್ನೊಂದರದ್ದು ಇವತ್ತಿಗೂ ಬಂದಿಲ್ಲ. ಈ ತಿಂಗಳೂ ಕೇಳುತ್ತಾರೆ. ಪ್ರತಿ ಭಾನುವಾರ ಆರಾಧನೆಗೆ ಹೋಗುತ್ತೇನೆ, ದಿನಾ ಪ್ರಾರ್ಥನೆ ಮಾಡುತ್ತೇನೆ. ಆದರೆ ಅವರ ಟೇಬಲ್ ಮುಂದೆ ನಿಂತರೆ ಗಂಟಲು ಒಣಗುತ್ತದೆ. ನಮ್ಮ ವಿಭಾಗಕ್ಕೆ ಹೊಸದಾಗಿ ಬಂದ ಹುಡುಗನೊಬ್ಬ ತೊದಲುತ್ತಾನೆ. ಊಟದ ಹೊತ್ತಿಗೆ ಎಲ್ಲರೂ ಅವನನ್ನು ಅಣಕಿಸುವಾಗ ನಾನೂ ನಗುತ್ತೇನೆ, ಆಮೇಲೆ ಅಸಹ್ಯವಾಗುತ್ತದೆ. ‘ಪೂರ್ಣ ಪ್ರೀತಿ ಭಯವನ್ನು ಓಡಿಸುತ್ತದೆ, ನಿನಗೆ ಭಯ ಇದೆ ಅಂದರೆ ವಿಶ್ವಾಸದಲ್ಲೇ ಕೊರತೆ’ ಎಂದು ಪ್ರಾರ್ಥನಾ ಕೂಟದ ಗೆಳತಿ ಹೇಳಿದಳು. ‘ದಣಿಗಳಿಗೆ ವಿಧೇಯರಾಗಿರಿ ಅಂತ ಸತ್ಯವೇದವೇ ಹೇಳುತ್ತದೆ, ಪಾಪ ಹೇಳಿದವರ ತಲೆಗೆ’ ಎಂದು ಇನ್ನೊಬ್ಬರು ಸಮಾಧಾನ ಮಾಡಿದರು. ಮನೆ ಸಾಲವಿದೆ, ಇಬ್ಬರು ಮಕ್ಕಳಿದ್ದಾರೆ. ನನ್ನ ವಿಶ್ವಾಸ ಬರೀ ನಾಟಕವೇ? ಧೈರ್ಯ ಎಲ್ಲಿಂದ ತರಲಿ?

ಉತ್ತರ: ಸಹೋದರಿ, ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಹೆಣೆದುಕೊಂಡಿವೆ. ಹೆದರಿಕೆ ಅವಿಶ್ವಾಸದ ಗುರುತೇ? ಮೇಲಿನವರು ಹೇಳಿದ್ದನ್ನು ಮಾಡಿದರೆ ತಪ್ಪು ಯಾರದು? ಇವೆರಡಕ್ಕೂ ಉತ್ತರ ಸಿಕ್ಕ ಮೇಲೂ, ತಿಂಗಳ ಕೊನೆಯ ದಿನ ಆ ಟೇಬಲ್ ಮುಂದೆ ಬಾಯಿಂದ ಮಾತು ಹೊರಡುವುದು ಹೇಗೆ? ನೀವು ಕೇಳದೆ ಬಿಟ್ಟ ನಾಲ್ಕನೆಯದೂ ಒಂದಿದೆ: ಈಗಾಗಲೇ ಹಾಕಿರುವ ಎರಡು ಸಹಿಗಳನ್ನು ಏನು ಮಾಡುವುದು? ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ನಿಮ್ಮ ಗೆಳತಿ ಹೇಳಿದ ವಾಕ್ಯ 1 ಯೋಹಾನ 4:18. ಅದನ್ನು ಒಂಟಿಯಾಗಿ ಓದಬೇಡಿ, ಹಿಂದಿನ ವಾಕ್ಯದಿಂದ ಓದಿ. ಅಲ್ಲಿರುವುದು ನ್ಯಾಯತೀರ್ಪಿನ ದಿನದ ಮಾತು. ದೇವರು ತನ್ನನ್ನು ದಂಡಿಸುತ್ತಾನೆಂಬ ಭಯ ಪ್ರೀತಿಯನ್ನು ಅರಿತವನಲ್ಲಿ ನಿಲ್ಲುವುದಿಲ್ಲ ಎಂದು ಯೋಹಾನನು ಬರೆಯುತ್ತಿದ್ದಾನೆ. ಕೆಲಸ ಹೋದೀತು ಎಂಬ ಆತಂಕಕ್ಕೂ ಆ ವಾಕ್ಯಕ್ಕೂ ಸಂಬಂಧವಿಲ್ಲ. ಅದನ್ನು ನಿಮ್ಮ ಮೇಲೆ ಹೇರಿದಾಗ ಆಗಿದ್ದು ಅದರ ಉದ್ದೇಶಕ್ಕೆ ತದ್ವಿರುದ್ಧ: ದಂಡನೆಯ ಭಯ ಹೋಗಲಿ ಎಂದು ಬರೆದ ಮಾತಿನಿಂದಲೇ ನಿಮಗೆ ಹೊಸದೊಂದು ದಂಡನೆಯ ಭಯ ಹುಟ್ಟಿತು.

ಇನ್ನೊಂದು ಮಾತನ್ನೂ ನೀವು ಕೇಳಿರುತ್ತೀರಿ. ಸತ್ಯವೇದದಲ್ಲಿ ‘ಹೆದರಬೇಡ’ ಎಂಬುದು 365 ಸಲ ಬರುತ್ತದೆ, ದಿನಕ್ಕೊಂದರಂತೆ, ಎಂದು ಹೇಳುವುದುಂಟು. ಕೇಳಲು ಚೆನ್ನಾಗಿದೆ, ಆದರೆ ಅದು ನಿಜವಲ್ಲ. ಭಾಷಾಂತರಕ್ಕೆ ತಕ್ಕಂತೆ ಎಣಿಕೆ ಬದಲಾದರೂ ಅಷ್ಟು ದೊಡ್ಡ ಸಂಖ್ಯೆಗೆ ಅದು ಮುಟ್ಟುವುದಿಲ್ಲ. ಎಷ್ಟು ಸಲ ಎಂಬುದಕ್ಕಿಂತ ಯಾರಿಗೆ ಹೇಳಿದ್ದು ಎಂಬುದನ್ನು ನೋಡಿ. ಹೆಚ್ಚಿನ ಕಡೆ ಅದು ಆಗಲೇ ನಡುಗುತ್ತಿರುವವರಿಗೆ ಹೇಳಿದ ಮಾತು, ಅದರ ಜೊತೆಗೇ ‘ನಾನು ನಿನ್ನ ಸಂಗಡ ಇದ್ದೇನೆ’ ಎಂಬ ಕಾರಣವೂ ಬರುತ್ತದೆ. ಬಿರುಗಾಳಿಗೆ ಸಿಕ್ಕ ದೋಣಿಯಲ್ಲಿದ್ದ ಶಿಷ್ಯರನ್ನು ಯೇಸು ‘ಯಾಕೆ ಹೆದರುತ್ತೀರಿ, ಇನ್ನೂ ನಂಬಿಕೆ ಇಲ್ಲವೇ’ ಎಂದು ಕೇಳಿದ್ದೂ ಉಂಟು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಮಾರ್ಕನು ಬರೆದ ಕ್ರಮದಲ್ಲಿ (4:39-40) ಮೊದಲು ಬಿರುಗಾಳಿ ನಿಲ್ಲುತ್ತದೆ, ಆಮೇಲೆ ಈ ಪ್ರಶ್ನೆ. ಹೆದರಿದರೆಂದು ಅವರನ್ನು ಯಾರೂ ದೋಣಿಯಿಂದ ಇಳಿಸಲಿಲ್ಲ.

ಗೆತ್ಸೇಮನೆ ತೋಟದಲ್ಲಿ ಯೇಸುವೇ ದಿಗ್ಭ್ರಮೆಯಿಂದ ತಳಮಳಗೊಂಡನು ಎಂದು ಮಾರ್ಕ 14:33 ಹೇಳುತ್ತದೆ. ಒಂದೇ ಪ್ರಾರ್ಥನೆಯನ್ನು ಮೂರು ಸಲ ಮಾಡಿದನು. ಜೊತೆಗಿರಿ ಎಂದು ಮೂವರು ಗೆಳೆಯರನ್ನು ಕೇಳಿಕೊಂಡನು. ತಳಮಳವೇ ಪಾಪವಾಗಿದ್ದರೆ ಕ್ರೈಸ್ತ ನಂಬಿಕೆಯ ನಡುಗಂಬವೇ ಉಳಿಯುತ್ತಿರಲಿಲ್ಲ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನೇರವಾಗಿದೆ: ಹೆದರಿಕೆ ಅವಿಶ್ವಾಸದ ಗುರುತಲ್ಲ. ಗಂಟಲು ಒಣಗುವುದು, ಎದೆ ಹೊಡೆದುಕೊಳ್ಳುವುದು ಅಪಾಯ ಕಂಡ ದೇಹ ಮಾಡುವ ಕೆಲಸ. ಹೆದರಿಕೆ ಹೋದ ಮೇಲೆ ಮಾತಾಡುತ್ತೇನೆ ಎಂದು ಕಾದರೆ ಮಾತಾಡುವ ದಿನ ಬರುವುದೇ ಇಲ್ಲ. ಹಾಗೆಯೇ, ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಕಾರಣವಿಲ್ಲದೆ ಉಸಿರು ಕಟ್ಟಿದಂತಾಗುತ್ತಿದ್ದರೆ ವೈದ್ಯರನ್ನು ಕಾಣಿ. ಅದನ್ನೂ ವಿಶ್ವಾಸದ ಪರೀಕ್ಷೆ ಎಂದುಕೊಂಡು ಸಹಿಸಬೇಕಾಗಿಲ್ಲ.

ಇನ್ನು ವಿಧೇಯತೆ. ಎಫೆಸದವರಿಗೆ ಬರೆದ ಪತ್ರದ 6:5 ದಣಿಗಳಿಗೆ ವಿಧೇಯರಾಗಿರಿ ಎನ್ನುವುದು ನಿಜ. ಆದರೆ ಆ ಮಾತು 9ನೇ ವಾಕ್ಯದವರೆಗೆ ಸಾಗುತ್ತದೆ. ದಣಿಗೂ ಪರಲೋಕದಲ್ಲಿ ಒಬ್ಬ ದಣಿ ಇದ್ದಾನೆ, ಆತನಲ್ಲಿ ಪಕ್ಷಪಾತವಿಲ್ಲ ಎಂಬಲ್ಲಿಗೆ ಮುಗಿಯುತ್ತದೆ. ಮೇಲೊಬ್ಬ ದಣಿ ಇದ್ದಾನೆ ಎಂದಮೇಲೆ ಕೆಳಗಿನ ದಣಿಯ ಅಧಿಕಾರಕ್ಕೆ ಎಲ್ಲೆ ಇದೆ ಎಂದೇ ಅರ್ಥ. ಗಂಡು ಕೂಸುಗಳನ್ನು ಕೊಲ್ಲಿರಿ ಎಂದು ಫರೋಹನು ಆಜ್ಞಾಪಿಸಿದಾಗ ಶಿಫ್ರಾ, ಪೂಗಾ ಎಂಬ ಸೂಲಗಿತ್ತಿಯರು ಕೊಲ್ಲಲಿಲ್ಲ (ವಿಮೋಚನಕಾಂಡ 1). ಯೇಸುವಿನ ಹೆಸರಿನಲ್ಲಿ ಇನ್ನು ಮಾತಾಡಬೇಡಿ ಎಂದು ತಾಕೀತಾದಾಗ ಪೇತ್ರ ಮತ್ತು ಸಂಗಡಿಗರು ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಎಂದರು (ಅಪೊಸ್ತಲರ ಕೃತ್ಯಗಳು 5:29).

‘ಪಾಪ ಹೇಳಿದವರ ತಲೆಗೆ’ ಎಂಬುದಕ್ಕೆ 1 ಸಮುವೇಲ 22:17 ನೋಡಿ. ಯಾಜಕರನ್ನು ಕೊಲ್ಲಿರಿ ಎಂದು ಸೌಲನು ತನ್ನ ಕಾವಲಿನವರಿಗೆ ಹೇಳುತ್ತಾನೆ. ಅವರು ಕೈಯೆತ್ತಲು ಒಪ್ಪುವುದಿಲ್ಲ. ಅವರ ಹೆಸರು ಕೂಡ ದಾಖಲಾಗಿಲ್ಲ, ಒಂದು ಭಾಷಣವೂ ಇಲ್ಲ, ಕೈಯೆತ್ತಲಿಲ್ಲ ಅಷ್ಟೇ. ಅರಸನ ಆಜ್ಞೆ ಅರಸನ ಲೆಕ್ಕಕ್ಕೆ ಎಂದು ಅವರು ಎಣಿಸಲಿಲ್ಲ. ಇದರ ಮುಂದಿನ ವಾಕ್ಯವನ್ನೂ ಮರೆಮಾಚಬಾರದು. ಕಾವಲಿನವರು ಒಪ್ಪದ ಕೆಲಸವನ್ನು ದೋಯೇಗನೆಂಬ ಇನ್ನೊಬ್ಬ ಮಾಡಿದ, ಆ ದಿನ 85 ಯಾಜಕರು ಸತ್ತರು. ನೀವು ಸಹಿ ಹಾಕದಿದ್ದರೆ ಇನ್ನೊಬ್ಬರು ಹಾಕಬಹುದು, ಮಾಲು ಬಾರದೆಯೂ ಬಿಲ್ ಪಾಸಾಗಬಹುದು. ಹಾಗಾದರೂ ನಿಮ್ಮ ನಿರಾಕರಣೆ ವ್ಯರ್ಥವಲ್ಲ. ಲೌಕಿಕವಾಗಿ ಹೇಳುವುದಾದರೂ, ಆಡಿಟ್ ಬಂದಾಗ ಮೊದಲು ಕೇಳುವುದು ‘ಸಹಿ ಯಾರದು’ ಎಂದೇ. ಬಾಯಿಮಾತಿನಲ್ಲಿ ಕೊಟ್ಟ ಆದೇಶಕ್ಕೆ ದಾಖಲೆ ಇರುವುದಿಲ್ಲ, ಸಹಿಗೆ ಇರುತ್ತದೆ.

ಇನ್ನೊಂದು ಕೆನ್ನೆ ತೋರಿಸು ಎಂದ ಯೇಸು ಸುಮ್ಮನಿರಲು ಹೇಳಿದನೆಂಬ ತಿಳಿವಳಿಕೆಯೂ ವ್ಯಾಪಕವಾಗಿದೆ. ಆತನ ಕೆನ್ನೆಗೇ ಏಟು ಬಿದ್ದಾಗ ಏನಾಯಿತು? ಮಹಾಯಾಜಕನ ಮುಂದೆ ಓಲೇಕಾರನೊಬ್ಬ ಹೊಡೆದಾಗ, ತಪ್ಪಾಗಿ ಮಾತಾಡಿದ್ದರೆ ಯಾವುದು ತಪ್ಪು ಎಂದು ತೋರಿಸು, ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆಯುತ್ತೀ ಎಂದು ಯೇಸು ಕೇಳಿದನು (ಯೋಹಾನ 18:23). ತಿರುಗಿ ಹೊಡೆಯಲಿಲ್ಲ, ಆದರೆ ಪ್ರಶ್ನೆ ಕೇಳದೆ ಬಿಡಲೂ ಇಲ್ಲ. ನಿಮ್ಮ ಮ್ಯಾನೇಜರ್ ಮುಂದೆ ನಿಮಗೆ ಬೇಕಾದ ಧಾಟಿ ಇದೇ.

ಭಕ್ತಿ ಇದ್ದರೂ ಬಾಯಿ ಏಕೆ ಕಟ್ಟುತ್ತದೆ

ಸಮಾಲೋಚನೆಗೆ ಬರುವವರಲ್ಲಿ ವಿಶ್ವಾಸ ಕಡಿಮೆಯಾದ್ದರಿಂದ ಬಾಯಿ ಕಟ್ಟಿದವರಿಗಿಂತ ಅವಸರಕ್ಕೆ, ಒಂಟಿತನಕ್ಕೆ, ಮಸುಕು ಮಾತಿಗೆ ಸಿಕ್ಕಿಬಿದ್ದವರೇ ಹೆಚ್ಚು. ಕಾರಣ ತಿಳಿಯದೆ ಮದ್ದು ಹುಡುಕಿದರೆ ‘ಇನ್ನೂ ಪ್ರಾರ್ಥಿಸು’ ಎಂಬ ಒಂದೇ ಸಲಹೆ ಉಳಿಯುತ್ತದೆ. ಆದ್ದರಿಂದ ಈ ಮೂರನ್ನು ಸ್ವಲ್ಪ ಬಿಡಿಸಿ ನೋಡೋಣ.

ಅವಸರದ ವಿಷಯದಲ್ಲಿ 1973ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬಹಳ ಕಲಿಸುತ್ತದೆ. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಮನೋವಿಜ್ಞಾನಿಗಳು ಅಮೆರಿಕದ ಪ್ರಿನ್ಸ್‌ಟನ್ ದೈವಶಾಸ್ತ್ರ ಸೆಮಿನರಿಯ 40 ವಿದ್ಯಾರ್ಥಿಗಳನ್ನು ಇನ್ನೊಂದು ಕಟ್ಟಡಕ್ಕೆ ಹೋಗಿ ಮಾತನಾಡಲು ಕಳಿಸಿದರು. ಕೆಲವರ ವಿಷಯ, ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ನೆರವಾದ ಒಳ್ಳೆಯ ಸಮಾರ್ಯದವನ ಸಾಮ್ಯವೇ ಆಗಿತ್ತು. ದಾರಿಯಲ್ಲಿ, ಬಾಗಿಲೊಂದರ ಬಳಿ ಒಬ್ಬ ಮನುಷ್ಯ ಕುಸಿದು ಕೆಮ್ಮುತ್ತಿದ್ದ. ಸಮಯ ಧಾರಾಳವಾಗಿದೆ ಎಂದು ಕೇಳಿಸಿಕೊಂಡು ಹೊರಟವರಲ್ಲಿ ಶೇ. 63 ಮಂದಿ ನೆರವಾದರು. ಆಗಲೇ ತಡವಾಗಿದೆ ಎಂದು ಕೇಳಿಸಿಕೊಂಡವರಲ್ಲಿ ನೆರವಾದವರು ಶೇ. 10 ಮಾತ್ರ. ಸಮಾರ್ಯದವನ ಬಗ್ಗೆ ಮಾತಾಡಲು ಹೊರಟಿದ್ದರೂ ಅದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ನಿಮ್ಮ ಮ್ಯಾನೇಜರ್ ಕೇಳುವುದು ಯಾವಾಗ? ತಿಂಗಳ ಕೊನೆಯ ದಿನ, ಎಲ್ಲರೂ ಓಡಾಡುವ ಹೊತ್ತಿನಲ್ಲಿ, ‘ಬೇಗ ಹಾಕಿ’ ಎಂದು. ಆ ಅವಸರವೇ ಅರ್ಧ ಕೆಲಸ ಮಾಡಿಬಿಡುತ್ತದೆ.

ಮಸುಕು ಮಾತು ಎಂದರೆ ‘ಅಡ್ಜಸ್ಟ್‌ಮೆಂಟ್’. ಬಾರದ ಮಾಲನ್ನು ಬಂದಿದೆ ಎಂದು ಬರೆಯಿರಿ ಎಂದು ಯಾರೂ ಕೇಳುವುದಿಲ್ಲ. ಕೇಳಿದ್ದರೆ ನಿಮ್ಮ ಮನಸ್ಸಾಕ್ಷಿ ಅಲ್ಲೇ ಎಚ್ಚೆತ್ತುಕೊಳ್ಳುತ್ತಿತ್ತು. ಮೊದಲ ಸಹಿಯ ಮಾಲು ತಡವಾಗಿಯಾದರೂ ಬಂತಲ್ಲ, ಅದು ಎರಡನೆಯದಕ್ಕೆ ದಾರಿ ಮಾಡಿಕೊಟ್ಟಿತು.

ಒಂಟಿತನ ಇವೆರಡಕ್ಕಿಂತ ದೊಡ್ಡದು. ಸಾಲೊಮನ್ ಆಶ್ ಎಂಬ ಮನೋವಿಜ್ಞಾನಿ 1950ರ ದಶಕದಲ್ಲಿ ಮಾಡಿದ ಪ್ರಯೋಗಗಳಲ್ಲಿ, ಕಣ್ಣಿಗೆ ಕಾಣುವ ಗೆರೆಯ ಉದ್ದವನ್ನೂ ಜನ ಗುಂಪಿನೊಂದಿಗೆ ಸೇರಿ ತಪ್ಪಾಗಿ ಹೇಳಿದರು. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದರೆ ಸಾಕು, ಆ ತಪ್ಪುಗಳು ಬಹುಪಾಲು ಇಳಿದವು. ಊಟದ ಹೊತ್ತಿನ ನಗುವಿಗೂ ಇದು ಅನ್ವಯ. ನೀವು ಒಬ್ಬರು ನಗದಿದ್ದರೆ, ನಿಮ್ಮ ಹಾಗೆಯೇ ಒಳಗೊಳಗೆ ಮುಜುಗರಪಡುತ್ತಿರುವ ಇನ್ನೊಬ್ಬರಿಗೂ ನಗದಿರಲು ದಾರಿಯಾಗುತ್ತದೆ.

ಇದರ ಜೊತೆಗೆ ನಮ್ಮ ಸಭೆಗಳೇ ಬೆಳೆಸಿದ ಒಂದು ತೊಡಕೂ ಇದೆ: ಧೈರ್ಯ ಎಂದರೆ ಸಿಂಹದ ಗವಿ, ಬೆಂಕಿಯ ಆವಿಗೆ ಎಂಬ ಚಿತ್ರ. ಪೇತ್ರನನ್ನು ನೋಡಿ. ತೋಟದಲ್ಲಿ ಆಯುಧ ಹಿಡಿದವರ ಗುಂಪಿನ ಎದುರು ಅವನೊಬ್ಬನೇ ಕತ್ತಿ ಹಿರಿದ. ಅದೇ ರಾತ್ರಿ, ಚಳಿಗೆ ಕೆಂಡದ ಮುಂದೆ ನಿಂತಿದ್ದಾಗ, ‘ನೀನೂ ಯೇಸುವಿನ ಜೊತೆಗಿದ್ದವನಲ್ಲವೇ’ ಎಂದು ಒಬ್ಬ ಸೇವಕಿ ಕೇಳಿದ ಸಣ್ಣ ಪ್ರಶ್ನೆಗೆ ‘ನಾನಲ್ಲ’ ಎಂದ. ಕತ್ತಿ ಹಿರಿಯುವ ಧೈರ್ಯ ಬೇರೆ, ಸೇವಕಿಯ ಪ್ರಶ್ನೆಗೆ ನಿಜ ಹೇಳುವ ಧೈರ್ಯ ಬೇರೆ. ನಮಗೆ ದಿನನಿತ್ಯ ಬೇಕಾಗುವುದು ಎರಡನೆಯದು, ಅದು ಅಭ್ಯಾಸದಿಂದ ಬರುತ್ತದೆ.

ವಿಶ್ವಾಸ ಕೊಡುವುದು ಏನನ್ನು

ಪರಿಣಾಮ ಒಳ್ಳೆಯದೇ ಆಗುತ್ತದೆ ಎಂಬ ಭರವಸೆಯನ್ನು ವಿಶ್ವಾಸ ಕೊಡುವುದಿಲ್ಲ. ಕೊಡುತ್ತದೆ ಎಂದು ಹೇಳುವವರ ಮಾತು ನಂಬಿ ರಾಜೀನಾಮೆ ಬರೆಯಬೇಡಿ. ಬೆಂಕಿಯ ಆವಿಗೆಯ ಮುಂದೆ ನಿಂತ ಮೂವರು, ನಮ್ಮ ದೇವರು ಬಿಡಿಸಬಲ್ಲನು, ಬಿಡಿಸದಿದ್ದರೂ ನಾವು ಅರಸನ ವಿಗ್ರಹಕ್ಕೆ ಅಡ್ಡಬೀಳುವುದಿಲ್ಲ ಎಂದರು (ದಾನಿಯೇಲ 3:17-18). ‘ಬಿಡಿಸದಿದ್ದರೂ’ ಎಂಬ ಆ ಮಾತನ್ನು ಬಿಟ್ಟು ಉಳಿದದ್ದನ್ನು ಮಾತ್ರ ಬೋಧಿಸಿದರೆ, ಕೆಲಸ ಹೋದ ದಿನ ವಿಶ್ವಾಸವೂ ಹೋಗುತ್ತದೆ.

ವಿಶ್ವಾಸ ಕೊಡುವುದರಲ್ಲಿ ಮುಖ್ಯವಾದದ್ದು ನನ್ನ ಬೆಲೆ ಈ ಕುರ್ಚಿಯಲ್ಲಿಲ್ಲ ಎಂಬ ನೆಲೆ. ಕಾಸಿಗೆ ಎರಡು ಮಾರುವ ಗುಬ್ಬಿಗಳ ಮಾತನ್ನು ಯೇಸು ಹೇಳಿದ್ದು ಇದೇ ಸಂದರ್ಭದಲ್ಲಿ, ಅಧಿಕಾರಿಗಳ ಮುಂದೆ ನಿಲ್ಲಬೇಕಾದ ಶಿಷ್ಯರಿಗೆ (ಮತ್ತಾಯ 10). ಗುಬ್ಬಿ ನೆಲಕ್ಕೆ ಬೀಳುವುದೇ ಇಲ್ಲ ಎಂದು ಆತನು ಹೇಳಲಿಲ್ಲ, ತಂದೆಗೆ ತಿಳಿಯದೆ ಬೀಳುವುದಿಲ್ಲ ಎಂದನು. ಜೊತೆಗೆ ವಿಶ್ವಾಸದಿಂದ ನಿಮ್ಮ ಪಕ್ಕದಲ್ಲಿ ನಿಲ್ಲುವ ಜನ ಸಿಗಬೇಕು. ಸೋತರೂ ಮರಳಿ ಎದ್ದು ನಿಲ್ಲಲು ಬಿಡುವ ಕ್ಷಮೆ ಸಿಗಬೇಕು. ಪೇತ್ರನಿಗೆ ಅದು ಸಿಕ್ಕಿತು: ಮೂರು ಸಲ ಅಲ್ಲಗಳೆದವನಿಗೆ ಸರೋವರದ ದಡದಲ್ಲಿ, ಮತ್ತೆ ಕೆಂಡದ ಪಕ್ಕದಲ್ಲೇ, ಮೂರು ಸಲ ಪ್ರಶ್ನೆ, ಮೂರು ಸಲ ಹೊಣೆ (ಯೋಹಾನ 21). ಅಷ್ಟಾದ ಮೇಲೂ ಅಂತಿಯೋಕ್ಯದಲ್ಲಿ ಜನ ಏನಂದಾರು ಎಂದು ಹೆದರಿ ಅನ್ಯಜನರ ಜೊತೆ ಊಟಕ್ಕೆ ಕೂರುವುದನ್ನು ಅವನು ಬಿಟ್ಟ, ಪೌಲನು ಎಲ್ಲರ ಮುಂದೆ ತಿದ್ದಬೇಕಾಯಿತು (ಗಲಾತ್ಯದವರಿಗೆ 2:11-14). ಒಮ್ಮೆ ಗೆದ್ದರೆ ಮುಗಿಯಿತು ಎನ್ನುವಂತಿಲ್ಲ.

ತಿಂಗಳ ಕೊನೆಯೊಳಗೆ ಮಾಡಬೇಕಾದ್ದು

ಇವತ್ತೇ ಒಂದು ಹಾಳೆಯಲ್ಲಿ, ‘ಅಡ್ಜಸ್ಟ್‌ಮೆಂಟ್’ ಎಂಬ ಪದವನ್ನು ಬಳಸದೆ, ನಿಮ್ಮನ್ನು ಏನು ಮಾಡಲು ಕೇಳುತ್ತಿದ್ದಾರೆ ಎಂದು ಎರಡೇ ಸಾಲಿನಲ್ಲಿ ಬರೆಯಿರಿ. ಕೆಳಗೆ ಎರಡು ಭಾಗ ಮಾಡಿ: ನನಗೆ ಖಚಿತವಾಗಿ ಗೊತ್ತಿರುವುದು, ನಾನು ಊಹಿಸುತ್ತಿರುವುದು. ಮಾಲು ಬಂದಿಲ್ಲ ಎಂಬುದು ಗೊತ್ತಿರುವುದು. ಮ್ಯಾನೇಜರ್ ಹಣ ಹೊಡೆಯುತ್ತಿದ್ದಾರೆ ಎಂಬುದು ಊಹೆ. ಮಾತು ಬಾಯಿಗೆ ಬಂದಾಗ ಮೊದಲ ಭಾಗದಲ್ಲಿ ಇರುವುದಷ್ಟೇ ಹೊರಗೆ ಬರಬೇಕು. ಈ ಗೆರೆ ದಾಟಿದವರು ಸುಳ್ಳು ಆರೋಪದ ಸುಳಿಗೆ ಸಿಕ್ಕಿ, ಇದ್ದ ಸತ್ಯವನ್ನೂ ಕಳೆದುಕೊಳ್ಳುತ್ತಾರೆ.

ಆಮೇಲೆ ಹೆದರಿಕೆಯ ಲೆಕ್ಕ ಹಾಕಿ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕುವುದಿಲ್ಲವೇ ಎಂದು ಯೇಸು ಕೇಳಿದನು (ಲೂಕ 14:28). ಗಂಡನ ಜೊತೆ ಕೂತು ಬರೆಯಿರಿ: ಮುಖ ಗಂಟಿಕ್ಕಿಕೊಳ್ಳಬಹುದು, ಬಡ್ತಿ ತಪ್ಪಬಹುದು, ವಿಭಾಗ ಬದಲಿಸಬಹುದು, ಕೆಲಸ ಹೋಗಬಹುದು. ಕೊನೆಯದು ನಡೆದರೆ ಸಾಲದ ಕಂತು ಸೇರಿ ಮನೆ ಎಷ್ಟು ತಿಂಗಳು ನಡೆಯುತ್ತದೆ? ಆ ಸಂಖ್ಯೆ ಒಂದೇ ಆಗಿದ್ದರೆ ಇವತ್ತಿನಿಂದಲೇ ಬೇರೆ ಕೆಲಸ ವಿಚಾರಿಸಲು ಶುರುಮಾಡಿ. ಇದು ಅಪನಂಬಿಕೆಯಲ್ಲ. ಕೈಯಲ್ಲಿ ಬೇರೆ ದಾರಿ ಇದೆ ಎಂದು ತಿಳಿದಾಗ ಧ್ವನಿಯ ನಡುಕ ಎಷ್ಟು ಇಳಿಯುತ್ತದೆ ಎಂಬುದು ಅನುಭವಿಸಿದವರಿಗೆ ಗೊತ್ತು.

ಒಬ್ಬರನ್ನು ಜೊತೆಗೆ ತೆಗೆದುಕೊಳ್ಳಿ. ಗಂಡ, ಪಾಸ್ಟರ್, ಸಭೆಯ ಹಿರಿಯರು, ಯಾರಾದರೂ ಸರಿ, ಗುಟ್ಟು ಕಾಯುವವರಾಗಿರಲಿ. ಇಡೀ ಪ್ರಾರ್ಥನಾ ಕೂಟದಲ್ಲಿ ಕಂಪನಿಯ ಹೆಸರು ಸಮೇತ ‘ಪ್ರಾರ್ಥನಾ ವಿಷಯ’ ಹಂಚಬೇಡಿ, ಅದು ಮ್ಯಾನೇಜರ್ ಕಿವಿಗೆ ನಿಮಗಿಂತ ಮೊದಲು ಮುಟ್ಟುತ್ತದೆ. ತನ್ನ ಜನರ ಪ್ರಾಣ ಉಳಿಸಲು ರಾಣಿ ಎಸ್ತೇರಳು ಅರಸನ ಬಳಿಗೆ ಹೋಗುವ ಮೊದಲು ಮೂರು ದಿನ ಅವರೊಂದಿಗೆ ಉಪವಾಸವಿದ್ದಳು. ಹೋದ ತಕ್ಷಣ ವಿಷಯ ಎತ್ತಲಿಲ್ಲ, ಎರಡನೆಯ ಔತಣದವರೆಗೆ ಹೊತ್ತು ನೋಡಿದಳು.

ಇನ್ನು ಆಡಬೇಕಾದ ಮಾತು. ಅದು ಚಿಕ್ಕದಾಗಿರಬೇಕು, ಮೊದಲೇ ಸಿದ್ಧವಾಗಿರಬೇಕು, ಅದರಲ್ಲಿ ನಿರಾಕರಣೆಯ ಜೊತೆ ಒಂದು ಬದಲಿ ದಾರಿಯೂ ಇರಬೇಕು. ದಾನಿಯೇಲ 1ರಲ್ಲಿ ಇದರ ಮಾದರಿ ಇದೆ. ಅರಸನ ಊಟ ಬೇಡವೆಂದಾಗ ಮೇಲಧಿಕಾರಿ ತನ್ನ ತಲೆ ಹೋದೀತೆಂದು ಹೆದರಿದ. ದಾನಿಯೇಲನು ಅವನ ಹೆದರಿಕೆಯನ್ನು ಹೀಯಾಳಿಸದೆ, ಕೆಳಗಿನ ಮೇಲ್ವಿಚಾರಕನ ಬಳಿಗೆ ಹೋಗಿ, ಹತ್ತು ದಿನ ಕಾಯಿಪಲ್ಯ, ನೀರು ಕೊಟ್ಟು ನೋಡಿ, ಆಮೇಲೆ ನೀವೇ ತೀರ್ಮಾನಿಸಿ ಎಂದ. ನಿಮ್ಮ ಮಾತು ಹೀಗಿರಬಹುದು:

“ಸರ್, ಬಂದಿರುವ ಮಾಲಿಗೆ ಈಗಲೇ ಸಹಿ ಹಾಕಿಕೊಡುತ್ತೇನೆ. ಉಳಿದದ್ದು ಬಂದ ಗಂಟೆಯೊಳಗೆ ಹಾಕುತ್ತೇನೆ. ಬೇಕಿದ್ದರೆ ‘ಬಾಕಿ ಇದೆ’ ಎಂದು ಬರೆದು ಇವತ್ತೇ ಕಳಿಸೋಣ.”

ಇಷ್ಟೇ ಸಾಕು, ಇದಕ್ಕೆ ವಾಕ್ಯ ಉದಾಹರಿಸಬೇಡಿ. ‘ನಾನು ಕ್ರೈಸ್ತಳು, ನಮ್ಮಲ್ಲಿ ಸುಳ್ಳು ಹೇಳುವಂತಿಲ್ಲ’ ಎಂದರೆ ಕೇಳುವವರಿಗೆ ‘ನೀವು ಸುಳ್ಳರು’ ಎಂದೇ ಕೇಳಿಸುತ್ತದೆ, ಜಗಳ ಮಾಲಿನಿಂದ ಧರ್ಮಕ್ಕೆ ಜಾರುತ್ತದೆ. ಯಾಕೆ ಎಂದು ಅವರೇ ಕೇಳಿದರೆ ಆಗ ಹೇಳಿ.

ಕೆಲಸ ಕೆಡುವುದು ಹೆಚ್ಚಾಗಿ ಈ ಮಾತು ಮುಗಿದ ನಂತರದ ಕೆಲವೇ ಸೆಕೆಂಡುಗಳಲ್ಲಿ. ಎದುರಿನವರು ಸುಮ್ಮನೆ ನೋಡುತ್ತಾರೆ. ಆ ಮೌನ ತಾಳಲಾರದೆ ನಾವು ‘ಅಂದರೆ, ನನಗೇನೂ ತೊಂದರೆ ಇಲ್ಲ, ಆದರೆ...’ ಎಂದು ಶುರುಮಾಡುತ್ತೇವೆ. ಒಂದೊಂದು ವಿವರಣೆಯೂ ಅವರಿಗೆ ಹಿಡಿದೆಳೆಯಲು ಒಂದೊಂದು ಹಿಡಿ. ಮಾತು ಮುಗಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಅವರು ಒತ್ತಾಯಿಸಿದರೆ ಹೊಸ ಕಾರಣ ಹುಡುಕದೆ ಅದೇ ಮಾತನ್ನು ಇನ್ನೊಮ್ಮೆ ಹೇಳಿ. ಕೂಗಿದರೆ, “ಸರ್, ನಾಳೆ ಬೆಳಿಗ್ಗೆ ಮಾತಾಡೋಣ” ಎಂದು ರಿಜಿಸ್ಟರನ್ನು ಮುಚ್ಚಿ ಹೊರಗೆ ಬನ್ನಿ. ಅವಸರವನ್ನು ಮುರಿಯುವುದೇ ಇಲ್ಲಿ ಉದ್ದೇಶ.

ಇದನ್ನು ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು, ಬಾಯಿಬಿಟ್ಟು ಅಭ್ಯಾಸ ಮಾಡಬೇಕು. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ 1959ರಲ್ಲಿ ಜೇಮ್ಸ್ ಲಾಸನ್ ಎಂಬ ಮೆಥಡಿಸ್ಟ್ ದೈವಶಾಸ್ತ್ರ ವಿದ್ಯಾರ್ಥಿ ಚರ್ಚಿನ ಕೋಣೆಯಲ್ಲಿ ಯುವಜನರಿಗೆ ತರಬೇತಿ ಕೊಡುತ್ತಿದ್ದರು. ಕೆಲವರು ಕುರ್ಚಿಗಳ ಮೇಲೆ ಕೂರುವುದು, ಉಳಿದವರು ಅವರನ್ನು ಬೈಯುವುದು, ತಳ್ಳುವುದು. ಕೂತವರು ತಿರುಗಿ ಹೊಡೆಯದೆ, ಏಳದೆ ಇರುವುದು. ಮುಂದಿನ ವರ್ಷದ ಫೆಬ್ರವರಿಯಲ್ಲಿ ಬಿಳಿಯರಿಗೆಂದೇ ಮೀಸಲಾಗಿದ್ದ ಊಟದ ಕೌಂಟರುಗಳಲ್ಲಿ ಅವರು ಕೂತಾಗ ಎದುರಾದ ಬೈಗುಳ ಹೊಸದಾಗಿರಲಿಲ್ಲ. ನೀವೂ ನಿಮ್ಮ ಗಂಡನನ್ನು ಮ್ಯಾನೇಜರ್ ಮಾಡಿ. ಅವರು ಗದರಲಿ, ನಗಲಿ, ‘ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ’ ಎಂದು ಬೇಸರ ತೋರಿಸಲಿ. ಈ ಮೂರನೆಯದನ್ನು ಬಿಡಬೇಡಿ, ಒಳ್ಳೆಯವರು ಸೋಲುವುದು ಹೆಚ್ಚಾಗಿ ಅದಕ್ಕೇ. ನಾಲಿಗೆ ಎಡವದಷ್ಟು ಸಲ ಹೇಳಿ.

ಪ್ರಾರ್ಥನೆ ಎಲ್ಲಿ ಎಂದು ಕೇಳಬಹುದು. ಇಷ್ಟರಲ್ಲೂ ಇದೆ. ಬೆದರಿಕೆ ಬಂದ ದಿನ ಯೆರೂಸಲೇಮಿನ ಸಭೆ ಮಾಡಿದ ಪ್ರಾರ್ಥನೆಯನ್ನು ಅಪೊಸ್ತಲರ ಕೃತ್ಯಗಳು 4:29ರಲ್ಲಿ ಓದಿ. ಬೆದರಿಕೆಯನ್ನು ತೆಗೆದುಹಾಕು ಎಂದು ಅವರು ಬೇಡಲಿಲ್ಲ. ಅವರ ಬೆದರಿಕೆಯನ್ನು ನೋಡು, ನಮಗೆ ಧೈರ್ಯದಿಂದ ಮಾತಾಡಲು ಕೊಡು ಎಂದರು. ‘ಕರ್ತನೇ, ಈ ತಿಂಗಳು ಅವರು ಕೇಳದಿರುವಂತೆ ಮಾಡು’ ಎಂಬ ನಿಮ್ಮ ಪ್ರಾರ್ಥನೆಯನ್ನು ‘ಕೇಳಿದಾಗ ಆ ಮೂರು ವಾಕ್ಯ ಹೇಳಲು ಬಲ ಕೊಡು’ ಎಂದು ಬದಲಿಸಿ. ಅರಸನಾದ ಅರ್ತಷಸ್ತನ ಮುಂದೆ ತುಂಬ ಹೆದರಿದೆನು ಎಂದು, ಯೆರೂಸಲೇಮಿನ ಗೋಡೆ ಕಟ್ಟಲು ಹೋಗಬೇಕೆಂದಿದ್ದ ನೆಹೆಮೀಯನು ತಾನೇ ಬರೆದುಕೊಂಡಿದ್ದಾನೆ (2:2). ಆ ಗಳಿಗೆಯಲ್ಲಿ ಅವನು ಮಾಡಿದ್ದು ಒಂದು ಉಸಿರಿನ ಪ್ರಾರ್ಥನೆ, ಆದರೆ ಅದರ ಹಿಂದೆ ಸುಮಾರು ನಾಲ್ಕು ತಿಂಗಳ ಪ್ರಾರ್ಥನೆ ಇತ್ತು. ಅರಸನು ಏನು ಬೇಕೆಂದಾಗ, ಎಷ್ಟು ಕಾಲ, ಯಾವ ಪತ್ರಗಳು, ಯಾರಿಂದ ಮರ ಎಂಬ ಪಟ್ಟಿ ಅವನ ನಾಲಿಗೆಯ ತುದಿಯಲ್ಲಿತ್ತು.

ಇಡೀ ತಿಂಗಳು ಆ ಒಂದು ದಿನಕ್ಕಾಗಿ ಕಾಯುತ್ತ ಕೂರಬೇಡಿ. ನಾಳೆ ಊಟದ ಹೊತ್ತಿಗೇ ಒಂದು ಸಣ್ಣ ಹೆಜ್ಜೆ ಇಡಿ. ಅಣಕ ಶುರುವಾದಾಗ ಭಾಷಣ ಬೇಡ. ನಗದಿರಿ, ಆ ಹುಡುಗನ ಕಡೆ ತಿರುಗಿ ಅವನು ಹೇಳುತ್ತಿದ್ದ ಮಾತನ್ನೇ ‘ಆಮೇಲೆ ಏನಾಯಿತು?’ ಎಂದು ಮುಂದುವರಿಸಿ. ಅವನು ಮುಗಿಸುವ ತನಕ ಅವನ ಮುಖ ನೋಡಿ, ಪದಗಳನ್ನು ನೀವು ತುಂಬಿಕೊಡಬೇಡಿ. ಮ್ಯಾನೇಜರ್ ಮುಂದೆ ನಿಲ್ಲುವುದಕ್ಕೆ ಇದಕ್ಕಿಂತ ಒಳ್ಳೆಯ ತಯಾರಿ ನನಗೆ ತಿಳಿಯದು. ಅದಕ್ಕೂ ಮಿಗಿಲಾಗಿ, ಇದು ಆ ಹುಡುಗನಿಗೆ ಸಲ್ಲಬೇಕಾದದ್ದು.

ಮಾತು ಫಲಿಸದಿದ್ದರೆ

ನಿಮ್ಮ ಮುಂದೆ ಹಲವು ದಾರಿಗಳಿವೆ, ಒಂದೊಂದಕ್ಕೂ ಅದರದೇ ಅಪಾಯವಿದೆ. ಕಂಪನಿಯೊಳಗೇ ಮೇಲಿನವರಿಗೆ ಅಥವಾ ಲೆಕ್ಕಪರಿಶೋಧನೆಯವರಿಗೆ ಬರಹದಲ್ಲಿ ತಿಳಿಸಬಹುದು. ಆದರೆ ಮೇಲಿನವರೂ ಇದರಲ್ಲಿ ಪಾಲುದಾರರಾಗಿದ್ದರೆ ದೂರು ನೇರವಾಗಿ ಮ್ಯಾನೇಜರ್ ಕೈ ಸೇರುತ್ತದೆ. ಹೊರಗಿನ ಅಧಿಕಾರಿಗಳ ಬಳಿಗೆ ಹೋಗಬಹುದು. ಅದಕ್ಕೆ ಮೊದಲು ವಕೀಲರನ್ನು ಕಾಣಲೇಬೇಕು, ಏಕೆಂದರೆ ಕಂಪನಿಯ ಕಾಗದಪತ್ರಗಳನ್ನು ತಿಳಿಯದೆ ಮನೆಗೆ ಒಯ್ದರೆ ಅದೇ ನಿಮ್ಮ ಮೇಲಿನ ದೂರಾದೀತು. ಕಾನೂನಿನ ಆಸರೆ ಪಡೆಯುವುದು ವಿಶ್ವಾಸದ ಸೋಲಲ್ಲ. ಕೊರಡೆಯಿಂದ ಹೊಡೆಯಲು ಕಟ್ಟಿದಾಗ ಪೌಲನು ತನ್ನ ರೋಮನ್ ಪೌರತ್ವವನ್ನು ಎತ್ತಿಹಿಡಿದನು (ಅಪೊಸ್ತಲರ ಕೃತ್ಯಗಳು 22:25).

ಬಿಟ್ಟು ಹೋಗುವುದೂ ಗೌರವದ ದಾರಿಯೇ. ಒಂದು ಊರಲ್ಲಿ ಹಿಂಸಿಸಿದರೆ ಇನ್ನೊಂದಕ್ಕೆ ಓಡಿಹೋಗಿರಿ ಎಂದು ಯೇಸು ಹೇಳಿದನು (ಮತ್ತಾಯ 10:23). ಸುಮಾರು 155ರಲ್ಲಿ ಹುತಾತ್ಮನಾದ ಸ್ಮುರ್ನದ ಬಿಷಪ್ ಪಾಲಿಕಾರ್ಪ್ ಕೂಡ ಸಂಗಡಿಗರ ಮಾತು ಕೇಳಿ ಮೊದಲು ಹಳ್ಳಿಯ ತೋಟದ ಮನೆಗೆ ಹೋಗಿದ್ದ. ತಾನಾಗಿ ಮುನ್ನುಗ್ಗಿ ಹಿಡಿದುಕೊಟ್ಟುಕೊಂಡ ಕ್ವಿಂತಸ್ ಎಂಬವನು ಮೃಗಗಳನ್ನು ಕಂಡೊಡನೆ ಎದೆಗುಂದಿದ. ಹೀಗೆ ಮೇಲೆ ಬಿದ್ದು ಹೋಗುವುದನ್ನು ಆ ಕಾಲದ ಸಭೆ ಮೆಚ್ಚಲಿಲ್ಲ. ಇದ್ದುಕೊಂಡೇ ಕಾಪಾಡುವ ದಾರಿಯೂ ಇದೆ. ಪ್ರವಾದಿಗಳ ಕೊಲೆ ನಡೆಯುತ್ತಿದ್ದಾಗ, ಅರಸ ಅಹಾಬನ ಅರಮನೆಯಲ್ಲೇ ಕೆಲಸದಲ್ಲಿದ್ದ ಓಬದ್ಯನು 100 ಪ್ರವಾದಿಗಳನ್ನು ಐವತ್ತೈವತ್ತು ಮಂದಿಯಂತೆ ಗವಿಗಳಲ್ಲಿ ಅಡಗಿಸಿ ಅನ್ನ ನೀರು ಕೊಟ್ಟ (1 ಅರಸುಗಳು 18:4). ಆದರೆ ಇರುವುದಾದರೆ ಇಷ್ಟನ್ನು ಮಾತ್ರ ಮಾಡೆನು ಎಂಬ ಗೆರೆ ನಿಮ್ಮ ಹಾಳೆಯಲ್ಲಿ ಇರಲಿ. ಗೆರೆ ಇಲ್ಲದೆ ಉಳಿದವರು ದಿನೇದಿನೇ ಸ್ವಲ್ಪ ಸ್ವಲ್ಪ ಜಾರುತ್ತಾರೆ.

ಒಂದು ಎಚ್ಚರಿಕೆ. ನಾನು ಹೇಳಿದ ಮುಖಾಮುಖಿ ಮಾತು ಇಂಥ ಕಚೇರಿಯ ಒತ್ತಡಕ್ಕೆ. ಹೊಡೆತ, ಲೈಂಗಿಕ ಕಿರುಕುಳ, ಜೀವ ಬೆದರಿಕೆ ಇರುವಲ್ಲಿ ‘ಮೊದಲು ಒಬ್ಬನೇ ಹೋಗಿ ಮಾತಾಡು’ ಎಂದು ಮತ್ತಾಯ 18:15 ತೋರಿಸಿ ನೊಂದವರನ್ನು ಕಳಿಸುವುದು ಘೋರ ತಪ್ಪು. ಅಲ್ಲಿ ಮೊದಲ ಹೆಜ್ಜೆ ಸುರಕ್ಷಿತ ಜಾಗ, ಎರಡನೆಯದು ಪೊಲೀಸ್.

ಹಾಕಿಬಿಟ್ಟ ಎರಡು ಸಹಿ

ಇದು ಸಭೆಗೆ ಹೊಸ ಸಮಸ್ಯೆಯಲ್ಲ. 249ರಲ್ಲಿ ಪಟ್ಟಕ್ಕೆ ಬಂದ ರೋಮನ್ ಚಕ್ರವರ್ತಿ ಡೇಸಿಯಸ್, ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದ. ಅಂಥ ಪತ್ರಗಳು ಈಜಿಪ್ಟಿನ ಪಪೈರಸ್ ಹಾಳೆಗಳಲ್ಲಿ ಇಂದಿಗೂ ಉಳಿದಿವೆ. ಬಲಿ ಕೊಡದೆ, ಲಂಚ ಕೊಟ್ಟು ಪತ್ರವನ್ನಷ್ಟೇ ಕೊಂಡ ಕ್ರೈಸ್ತರೂ ಬಹಳ ಮಂದಿ ಇದ್ದರು: ಕೈ ತಪ್ಪು ಮಾಡಲಿಲ್ಲ, ಕಾಗದ ಮಾತ್ರ ಸುಳ್ಳು. ಇಂಥವರನ್ನು ಏನು ಮಾಡುವುದು ಎಂದು 251ರಲ್ಲಿ ಕಾರ್ಥೇಜಿನಲ್ಲಿ ಬಿಷಪ್ ಸಿಪ್ರಿಯನ್ ನೇತೃತ್ವದಲ್ಲಿ ಸಮಾಲೋಚನೆ ನಡೆಯಿತು. ಏನೂ ಆಗಿಲ್ಲ ಎನ್ನಲೂ ಇಲ್ಲ, ಬಾಗಿಲು ಮುಚ್ಚಲೂ ಇಲ್ಲ. ಪ್ರತಿಯೊಬ್ಬರ ಸಂಗತಿಯನ್ನೂ ವಿಚಾರಿಸಿ ಸಭೆಗೆ ಮರಳಿ ಸೇರಿಸಿಕೊಳ್ಳಬಹುದು ಎಂದು ತೀರ್ಮಾನಿಸಿದರು. ನಿಮ್ಮ ವಿಶ್ವಾಸ ನಾಟಕವೇ ಎಂದು ಕೇಳಿದಿರಲ್ಲ, ನಾಟಕವಾಡುವವರಿಗೆ ನಕ್ಕ ಮೇಲೆ ಅಸಹ್ಯವಾಗುವುದಿಲ್ಲ.

ಮೊದಲು ಪಾಸ್ಟರ್ ಅಥವಾ ಪಾದ್ರಿಯ ಬಳಿ ಹೋಗಿ, ‘ಒತ್ತಡ ಇತ್ತು’ ಎಂಬಲ್ಲಿಂದ ಶುರುಮಾಡದೆ, ‘ಬಾರದ ಮಾಲಿಗೆ ಬಂದಿದೆ ಎಂದು ಎರಡು ಸಲ ಬರೆದೆ’ ಎಂಬಲ್ಲಿಂದ ಶುರುಮಾಡಿ. ಕ್ಷಮೆಯ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳಿಸಿಕೊಳ್ಳಿ, ಒಂಟಿಯಾಗಿ ನೂರು ಸಲ ಕ್ಷಮೆ ಬೇಡಿದರೂ ಹೋಗದ ಭಾರ ಅದರಿಂದ ಇಳಿಯುವುದುಂಟು. ಅಲ್ಲಿಗೇ ನಿಲ್ಲಿಸಬೇಡಿ. ಸುಂಕ ವಸೂಲಿಗಾರ ಜಕ್ಕಾಯನ ಪಶ್ಚಾತ್ತಾಪದಲ್ಲಿ ಲೆಕ್ಕವೂ ಇತ್ತು, ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ (ಲೂಕ 19:8).

ಆಮೇಲೆ, ಕಂಪನಿಗೆ ಒಂದು ಅಕ್ಷರ ಬರೆಯುವ ಮೊದಲು, ವಕೀಲರನ್ನು ಕಾಣಿ. ಹಾಕಿದ ದಿನಾಂಕಗಳು, ಬಿಲ್ ಸಂಖ್ಯೆ, ಯಾರು ಹೇಳಿದರು, ಆಗ ಪಕ್ಕದಲ್ಲಿ ಯಾರಿದ್ದರು ಎಂಬುದನ್ನು ನೆನಪಿರುವಷ್ಟು ಬರೆದುಕೊಂಡು ಹೋಗಿ. ರಿಜಿಸ್ಟರಿನಲ್ಲಿ ಹಳೆಯ ಸಹಿಯನ್ನು ನೀವೇ ಹೊಡೆದು ಹಾಕುವುದು, ಹಾಳೆ ತೆಗೆಯುವುದು, ಹಿಂದಿನ ದಿನಾಂಕ ಹಾಕಿ ತಿದ್ದುವುದು ಬೇಡವೇ ಬೇಡ, ಅದು ಎರಡನೆಯ ಸುಳ್ಳಾಗುತ್ತದೆ. ವಕೀಲರು ಸರಿ ಎಂದರೆ, ತಡವಾಗಿ ಬಂದ ಮಾಲಿನ ನಿಜವಾದ ದಿನಾಂಕವನ್ನೂ ಬಾರದ ಮಾಲಿನ ವಿವರವನ್ನೂ ಒಂದೇ ಪತ್ರದಲ್ಲಿ, ಯಾರ ಉದ್ದೇಶವನ್ನೂ ಊಹಿಸದೆ, ಇವತ್ತಿನ ದಿನಾಂಕದಲ್ಲಿ ಬರೆದುಕೊಡಿ. ತಲುಪಿದ್ದಕ್ಕೆ ಸಹಿ ಪಡೆದ ಪ್ರತಿಯೊಂದನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಈ ಕೆಲಸ ತಿಂಗಳ ಕೊನೆಗೆ ಮೊದಲೇ ಮುಗಿದರೆ ಒಳ್ಳೆಯದು. ಹಳೆಯ ಎರಡು ಸಹಿಗಳ ವಿಷಯ ಹೊರಗೆ ಬಂದೀತೆಂಬ ಅಂಜಿಕೆ ಉಳಿದಿರುವ ತನಕ, ಮೂರನೆಯದಕ್ಕೆ ಬೇಡ ಎನ್ನುವಾಗ ‘ಹಿಂದೆ ಹಾಕಿದಿರಲ್ಲ’ ಎಂಬ ಒಂದೇ ಮಾತಿನಿಂದ ಅವರು ನಿಮ್ಮ ಬಾಯಿ ಮುಚ್ಚಿಸಬಲ್ಲರು.